ಗುರಿ ಎಲ್ಲರದು, ಲೈನು ಯಾರದು?

ಹಲವು ದೇಶಗಳು ಸೇರಿ ನವೀಕರಿಸಬಹುದಾದ ಇಂಧನದ ನೀತಿ ಬರೆಯಲು ಕೂತರೆ ಮೊದಲ ಚರ್ಚೆ ಶೇಕಡಾ ಎಷ್ಟು ಎಂಬುದರ ಬಗ್ಗೆಯೇ ಇರುತ್ತದೆ. ಇಂಥ ಕರಡುಗಳನ್ನು ಓದಿ ಅಭಿಪ್ರಾಯ ಕೊಡುವುದು ನನ್ನ ಕೆಲಸ. ಅದರಲ್ಲಿ ನಾನು ಮೊದಲು ಹುಡುಕುವುದು ಬೇರೆಯದೇ ಸಾಲು: ಗಡಿ ದಾಟುವ ವಿದ್ಯುತ್ ಲೈನಿಗೆ ದುಡ್ಡು ಕೊಡುವವರು ಯಾರು?

ಯುರೋಪಿಯನ್ ಒಕ್ಕೂಟವನ್ನೇ ನೋಡಿ. 2020ರ ಹೊತ್ತಿಗೆ ಒಕ್ಕೂಟ ಬಳಸುವ ಒಟ್ಟು ಇಂಧನದಲ್ಲಿ ಶೇ 20 ನವೀಕರಿಸಬಹುದಾದದ್ದು ಇರಬೇಕು ಎಂದು 2009ರಲ್ಲಿ ಗುರಿ ಇಟ್ಟುಕೊಂಡರು. ಸ್ವೀಡನ್ ಪಾಲಿಗೆ ಶೇ 49, ಮಾಲ್ಟಾಕ್ಕೆ ಶೇ 10. ಸ್ವೀಡನ್‌ಗೆ ನದಿಯೂ ಇದೆ, ಕಾಡೂ ಇದೆ. ಮಾಲ್ಟಾ ಪುಟ್ಟ ದ್ವೀಪ. ಈ ಹಂಚಿಕೆ ನನಗೆ ಸರಿ ಅನಿಸುತ್ತದೆ. ತನ್ನ ಪಾಲು ಮುಟ್ಟದ ದೇಶ ಬೇರೆಯವರ ಹೆಚ್ಚುವರಿಯನ್ನು ದುಡ್ಡು ಕೊಟ್ಟು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದಿತ್ತು. 2017ರಲ್ಲಿ ಲಕ್ಸೆಂಬರ್ಗ್ ಹೀಗೆ ಲಿಥುವೇನಿಯಾ, ಎಸ್ಟೋನಿಯಾ ಜೊತೆ ಒಪ್ಪಂದ ಮಾಡಿಕೊಂಡಿತು. ಜಾಸ್ತಿ ಮಾಡಿದವರ ಕೈಗೆ ದುಡ್ಡು ಬಂತು, ಒಳ್ಳೆಯದೇ. ಆದರೆ ಅದಕ್ಕಾಗಿ ಒಂದು ಯೂನಿಟ್ ಕರೆಂಟೂ ಗಡಿ ದಾಟಬೇಕಿರಲಿಲ್ಲ. ನಡುಹಗಲಲ್ಲಿ ಮಿಕ್ಕಿದ ಬಿಸಿಲಿನ ಕರೆಂಟು ಲೆಕ್ಕದ ಪುಸ್ತಕದಲ್ಲಿ ಹರಿಯುವುದಿಲ್ಲ ಅಲ್ವಾ?

ಸ್ಪೇನ್‌ನ ಕಷ್ಟ ಇದೇ. ಅಲ್ಲಿ ಬಿಸಿಲು ಧಾರಾಳ, ಆದರೆ ಫ್ರಾನ್ಸ್ ಕಡೆಗಿನ ಸಂಪರ್ಕ ಸುಮಾರು 2,800 ಮೆಗಾವಾಟ್ ಮಾತ್ರ. ನಡುವೆ ಪಿರಿನೀಸ್ ಬೆಟ್ಟಸಾಲು. ಟವರ್ ಬೇಡ ಎಂದು ಜನ ವಿರೋಧಿಸಿದ್ದರಿಂದ 2015ರಲ್ಲಿ ಉದ್ಘಾಟನೆಯಾದ ಲೈನನ್ನು ನೆಲದಡಿ, ಸುರಂಗದೊಳಗೆ ಎಳೆಯಬೇಕಾಯಿತು. ಈಗ ಬಿಸ್ಕೇ ಕೊಲ್ಲಿಯ ತಳದಲ್ಲಿ ಕೇಬಲ್ ಹಾಕಿ ಸಾಮರ್ಥ್ಯವನ್ನು 5,000 ಮೆಗಾವಾಟ್‌ಗೆ ಏರಿಸುವ ಯೋಜನೆ ಇದೆ. ಅದಕ್ಕೆ ಒಕ್ಕೂಟ 57.8 ಕೋಟಿ ಯೂರೊ ನೆರವು ಕೊಟ್ಟಿದೆ.

ಹೊರಗಿನ ನೆರವು ಏಕೆ ಬೇಕು? ಲೈನಿನ ಲಾಭ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಅಗ್ಗದ ಕರೆಂಟು ಒಳಗೆ ಬಂದರೆ ಅಲ್ಲಿನ ಬಳಕೆದಾರರಿಗೆ ಖುಷಿ, ಉತ್ಪಾದಕರಿಗೆ ಹೊಡೆತ. ಎಷ್ಟೋ ಸಲ ಮಧ್ಯದ ದೇಶದಲ್ಲಿ ಲೈನು ಸುಮ್ನೆ ಹಾದುಹೋಗುತ್ತದೆ, ಲಾಭ ಆಚೆಯವರಿಗೆ. ಹಾಗಾಗಿ ಯಾರ ನೆಲದಲ್ಲಿ ಎಷ್ಟು ಕಿಲೋಮೀಟರ್ ಎಂದು ಅಳೆದು ಖರ್ಚು ಹಾಕಿದರೆ ಜಗಳ ಖಂಡಿತ. ಲಾಭ ನೋಡಿ ಹಂಚಬೇಕು. ಒಕ್ಕೂಟದ 2013ರ ನಿಯಮ ಇದನ್ನು ಒಪ್ಪಿಕೊಂಡಿತು. ಜೊತೆಗೆ ಗಡುವನ್ನೂ ಹಾಕಿತು: ಸಂಬಂಧಪಟ್ಟ ದೇಶಗಳ ಇಂಧನ ನಿಯಂತ್ರಕರು ಆರು ತಿಂಗಳಲ್ಲಿ ಒಮ್ಮತಕ್ಕೆ ಬರದಿದ್ದರೆ ಒಕ್ಕೂಟದ ನಿಯಂತ್ರಕ ಸಂಸ್ಥೆಯೇ ತೀರ್ಮಾನಿಸುತ್ತದೆ. ಬೇರೆ ದೇಶಗಳ ಗುಂಪುಗಳು ಯುರೋಪಿನಿಂದ ಒಂದೇ ಒಂದನ್ನು ಎತ್ತಿಕೊಳ್ಳುವುದಾದರೆ ಈ ಗಡುವನ್ನು ಎತ್ತಿಕೊಳ್ಳಲಿ.

2023ರಲ್ಲಿ ಒಕ್ಕೂಟದ ಗುರಿ 2030ಕ್ಕೆ ಶೇ 42.5ಕ್ಕೆ ಏರಿತು. ಜೊತೆಗೆ, ಇದಕ್ಕೆಂದೇ ದೇಶಗಳು ಗುರುತಿಸುವ ಜಾಗಗಳಲ್ಲಿ, ಸಮುದ್ರದಲ್ಲಲ್ಲದೆ ನೆಲದ ಮೇಲೆ ಕಟ್ಟುವ ನವೀಕರಿಸಬಹುದಾದ ಇಂಧನದ ಘಟಕಗಳಿಗೆ ಸಾಮಾನ್ಯವಾಗಿ 12 ತಿಂಗಳೊಳಗೆ ಅನುಮತಿ ಸಿಗಬೇಕು. ಬಹಳ ಬೇಕಾಗಿದ್ದ ಬದಲಾವಣೆ ಇದು. ಆದರೆ ಘಟಕ ಬೇಗ ಎದ್ದು ಲೈನು ಹಿಂದೆ ಉಳಿದರೆ, ತಯಾರಾದ ಕರೆಂಟನ್ನೇ ನಿಲ್ಲಿಸಬೇಕಾಗುತ್ತದೆ. ಅದಕ್ಕೇ ನನ್ನ ಮುಂದೆ ಬರುವ ಪ್ರತಿ ಕರಡಿನಲ್ಲೂ ಶೇಕಡಾವಾರು ಗುರಿಯ ಪಕ್ಕದಲ್ಲಿ ಇನ್ನೆರಡು ಸಾಲು ಸೇರಿಸಲು ಹೇಳುತ್ತೇನೆ: ಯಾವ ಲೈನು ಯಾವ ವರ್ಷಕ್ಕೆ ಮುಗಿಯಬೇಕು, ಖರ್ಚಿನಲ್ಲಿ ಯಾರ ಪಾಲು ಎಷ್ಟು.