ಮೊಗ್‌ಪೊಗ್: ಹೊಳೆಯ ನೆತ್ತಿಯ ಮೇಲೆ ಕಟ್ಟಿದ ಅಣೆ

2022ರ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನ ಮರಿಂದೂಕೆ ಪ್ರಾಂತ್ಯದ ನ್ಯಾಯಾಲಯವೊಂದು, ಮೊಗ್‌ಪೊಗ್ ಎಂಬ ಕರಾವಳಿ ಊರಿನ ಕೆಲವು ನಿವಾಸಿಗಳು ತಾಮ್ರದ ಗಣಿ ಕಂಪನಿಯೊಂದರ ಮೇಲೆ ಹೂಡಿದ್ದ ದಾವೆಯನ್ನು ಇತ್ಯರ್ಥಗೊಳಿಸಿತು. ದಾವೆ ಹೂಡಿದ್ದು 2001ರಲ್ಲಿ. ಅದಕ್ಕೆ ಕಾರಣವಾದ ಅಣೆಕಟ್ಟು ಒಡೆದದ್ದು 1993ರ ಡಿಸೆಂಬರಿನಲ್ಲಿ. ಕಂಪನಿಯ ತಪ್ಪಿನಿಂದಲೇ ಊರಿಗೆ ನೆರೆ ನುಗ್ಗಿತು ಎಂದು ನ್ಯಾಯಾಲಯ ಒಪ್ಪಿಕೊಳ್ಳುವ ಹೊತ್ತಿಗೆ ಗಣಿ ಮುಚ್ಚಿ ಕಾಲು ಶತಮಾನ ಕಳೆದಿತ್ತು. ಇಷ್ಟು ತಡವಾದುದಕ್ಕೆ ನ್ಯಾಯಾಲಯಗಳ ನಿಧಾನವೊಂದನ್ನೇ ದೂರಿದರೆ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಹೊಳೆಯ ಕೆಳಗಿರುವ ಸಣ್ಣ ಊರಿಗೆ ಹೊಳೆಯ ಮೂಲದಲ್ಲಿ ನಡೆಯುವುದರ ಮೇಲೆ ಎಷ್ಟು ಹಿಡಿತವಿದೆ ಎಂಬ ಪ್ರಶ್ನೆ ಈ ಇಡೀ ಪ್ರಕರಣದ ಬುಡದಲ್ಲಿದೆ.

ಮರಿಂದೂಕೆ ಲುಜಾನ್ ದ್ವೀಪದ ದಕ್ಷಿಣಕ್ಕಿರುವ, ನಕ್ಷೆಯಲ್ಲಿ ಹೃದಯದಂತೆ ಕಾಣುವ ಪುಟ್ಟ ದ್ವೀಪ. ದ್ವೀಪವೇ ಒಂದು ಪ್ರಾಂತ್ಯ. ಅದರ ಆರು ಮುನಿಸಿಪಾಲಿಟಿಗಳಲ್ಲಿ ಮೊಗ್‌ಪೊಗ್ ವಾಯವ್ಯ ಮೂಲೆಯಲ್ಲಿದೆ. ಮುನಿಸಿಪಾಲಿಟಿ ಎಂದಕೂಡಲೇ ನಮ್ಮ ಪುರಸಭೆಯನ್ನು ನೆನೆಯುವುದು ಸರಿಯಲ್ಲ. ಅಲ್ಲಿ ಅದು ಗದ್ದೆ, ತೆಂಗಿನ ತೋಟ, ಗುಡ್ಡ, ಮೀನುಗಾರರ ಕೇರಿ ಎಲ್ಲವನ್ನೂ ಒಳಗೊಂಡ, ಚುನಾಯಿತ ಮೇಯರ್ ಇರುವ ಚಿಕ್ಕ ತಾಲ್ಲೂಕಿನಂಥದ್ದು. ಅದರಡಿ ಗ್ರಾಮ ಪಂಚಾಯಿತಿಯನ್ನು ಹೋಲುವ ಬರಂಗಾಯ್‌ಗಳಿರುತ್ತವೆ, ಮೊಗ್‌ಪೊಗ್‌ನಲ್ಲಿ ಅವು 37. ಲುಜಾನ್‌ನ ಲುಸೇನಾದಿಂದ ಹೊರಟ ಹಡಗುಗಳು ದ್ವೀಪವನ್ನು ಮುಟ್ಟುವ ಬಲನಕಾನ್ ಬಂದರು ಈ ಊರಿನದೇ. ಊರಿನ ಹೆಸರು ಸುಣ್ಣ ಸುಡುವವರು ಎಂಬ ಅರ್ಥದ ‘ಮಗ್-ಆಪೊಗ್’ ಪದದಿಂದ ಬಂತೆಂದು ಹೇಳುತ್ತಾರೆ. ಈ ಸುಣ್ಣ ಎಲೆಯಡಿಕೆಗೆ ಹಚ್ಚುವ ಸುಣ್ಣವೇ.

ಹೊರಗಿನವರಿಗೆ ಮೊಗ್‌ಪೊಗ್ ಗೊತ್ತಿರುವುದು ಮೊರಿಯೊನೆಸ್ ಹಬ್ಬದಿಂದ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಜನರು ರೋಮನ್ ಸೈನಿಕರ ಮುಖವಾಡ ತೊಟ್ಟು ಬೀದಿಯಲ್ಲಿ ಸುತ್ತುತ್ತಾರೆ. ಒಕ್ಕಣ್ಣ ಸೈನಿಕ ಲಾಂಜಿನಸ್‌ನ ಶಿರಚ್ಛೇದದ ಆಟದೊಂದಿಗೆ ಆಚರಣೆ ಮುಗಿಯುತ್ತದೆ. ಹಬ್ಬ ಹುಟ್ಟಿದ್ದು ಮೊಗ್‌ಪೊಗ್‌ನಲ್ಲೇ ಎಂಬುದು ಸ್ಥಳೀಯರ ಹೆಮ್ಮೆ. ಮುಖವಾಡಗಳನ್ನು ಕೆತ್ತುವ ‘ದಪ್‌ದಪ್’ ಮರ, ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾಗುವ ಹಾಲುವಾಣವೇ: ಹಗುರ, ಮೆದು, ಉಳಿಗೆ ಸುಲಭವಾಗಿ ಬಗ್ಗುವಂಥದ್ದು. ಪ್ರವಾಸೋದ್ಯಮದ ಚಿತ್ರಗಳಲ್ಲಿ ಊರು ಈ ಬಣ್ಣದ ಮುಖಗಳಾಗಿಯೇ ಉಳಿದಿದೆ, ಹೊಳೆಗೆ ಅಲ್ಲಿ ಜಾಗವಿಲ್ಲ.

ಹೊಳೆಯ ಕಥೆ ಶುರುವಾಗುವುದು ನೆರೆಯ ಸಾಂತಾ ಕ್ರೂಝ್ ಮುನಿಸಿಪಾಲಿಟಿಯ ತಪಿಯಾನ್ ಬೆಟ್ಟದಲ್ಲಿ. 1969ರಲ್ಲಿ ಮಾರ್ಕಾಪರ್ ಮೈನಿಂಗ್ ಕಾರ್ಪೊರೇಷನ್ ಅಲ್ಲಿ ತೆರೆದ ಗಣಿಯಿಂದ ತಾಮ್ರ ತೆಗೆಯಲು ಆರಂಭಿಸಿತು. ಕಂಪನಿಯಲ್ಲಿ ಶೇ. 40ರಷ್ಟು ಪಾಲು ಹೊಂದಿ ಗಣಿಯ ಆಡಳಿತವನ್ನೂ ನೋಡಿಕೊಂಡದ್ದು, ಮುಂದೆ ಪ್ಲೇಸರ್ ಡೋಮ್ ಎಂದು ಹೆಸರಾದ ಕೆನಡಾದ ಸಂಸ್ಥೆ. ಉಳಿದುದರಲ್ಲಿ ದೊಡ್ಡ ಭಾಗ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಅವರ ಹಿಡಿತದಲ್ಲಿತ್ತೆಂಬುದು 1986ರಲ್ಲಿ ಅವರು ಪದಚ್ಯುತರಾದ ಮೇಲೆ ಬಯಲಾಯಿತು, ಸರ್ಕಾರ ಆ ಪಾಲನ್ನು ಜಪ್ತಿ ಮಾಡಿಕೊಂಡಿತು. ಹೀಗೆ ಗಣಿಯ ಮೇಲೆ ಕಣ್ಣಿಡಬೇಕಾದ ಸರ್ಕಾರಕ್ಕೇ ಗಣಿಯಲ್ಲಿ ಹಿತಾಸಕ್ತಿಯೂ ಬಂತು. ಅಷ್ಟರಲ್ಲಾಗಲೇ ಕಂಪನಿ ಅದಿರು ಅರೆದುಳಿದ ಕೆಸರನ್ನು ಕೊಳವೆಯ ಮೂಲಕ ಕಲಂಕಾನ್ ಕೊಲ್ಲಿಗೆ ಬಿಡುತ್ತಿತ್ತು. 1975ರಿಂದ 1991ರವರೆಗಿನ 16 ವರ್ಷಗಳಲ್ಲಿ ಆ ಮೀನುಗಾರರ ಕೊಲ್ಲಿಗೆ ಸೇರಿದ ಕೆಸರು ಸುಮಾರು 20 ಕೋಟಿ ಟನ್. 1988ರಲ್ಲಿ ಮಾಲಿನ್ಯ ನಿಯಂತ್ರಣದ ಅಧಿಕಾರಿಗಳು ಅದನ್ನು ನಿಲ್ಲಿಸಲು ಆದೇಶಿಸಿದರು. ಅಧ್ಯಕ್ಷರ ಕಚೇರಿ ಆ ಆದೇಶಕ್ಕೆ ತಡೆ ಕೊಟ್ಟು, ಕೊಲ್ಲಿಯ ಪುನಶ್ಚೇತನಕ್ಕೆಂದು ದಿನಕ್ಕೆ 30,000 ಪೆಸೊ ಕಟ್ಟುವ ಷರತ್ತು ವಿಧಿಸಿತು.

ತಪಿಯಾನ್‌ನ ಅದಿರು ಮುಗಿಯುತ್ತ ಬಂದಾಗ ಕಂಪನಿ ಪಕ್ಕದ ಸಾನ್ ಆಂಟೋನಿಯೊ ಗಣಿಯನ್ನು ತೆರೆಯಿತು. ಮೊಗ್‌ಪೊಗ್‌ಗೆ ಸಂಕಟ ಬಂದದ್ದು ಇಲ್ಲಿಂದ. ಹೊಸ ಗಣಿಯಿಂದ ತೆಗೆದುಹಾಕಿದ ಮಣ್ಣು ಮತ್ತು ಕಲ್ಲಿನ ರಾಶಿ ಬಿದ್ದದ್ದು ಮೊಗ್‌ಪೊಗ್ ಹೊಳೆಯ ನೆತ್ತಿಯಲ್ಲಿ. ಮಳೆಗೆ ಆ ರಾಶಿ ಕರಗಿ ಹೊಳೆಗಿಳಿಯದಂತೆ ತಡೆಯಲೆಂದು 1992ರಲ್ಲಿ ಮಗಿಲಾಗಿಲಾ ತೊರೆಗೆ ಅಡ್ಡಲಾಗಿ ಮಣ್ಣಿನ ಅಣೆಕಟ್ಟು ಎದ್ದಿತು. ಊರಿನವರು ಇದನ್ನು ಮೊದಲಿನಿಂದಲೂ ಜೋರಾಗಿ ವಿರೋಧಿಸಿದ್ದರು. ಅದೇ ವರ್ಷದ ಜನವರಿಯಲ್ಲಿ ಜಾರಿಗೆ ಬಂದ ಸ್ಥಳೀಯ ಆಡಳಿತ ಸಂಹಿತೆ, ಪರಿಸರಕ್ಕೆ ಧಕ್ಕೆ ತರಬಹುದಾದ ಯೋಜನೆಗಳ ವಿಷಯದಲ್ಲಿ ಸ್ಥಳೀಯರನ್ನು ಕೇಳಬೇಕೆಂದು ಹೇಳುತ್ತಿತ್ತು. ಕಾನೂನು ಹೊಸದಾಗಿತ್ತು, ಗಣಿ ಹಳೆಯದಾಗಿತ್ತು. ಅಣೆ ಕಟ್ಟುವ ಕೆಲಸ ನಿಲ್ಲಲಿಲ್ಲ.

1993ರ ಡಿಸೆಂಬರ್ 6ರಂದು, ಅಲ್ಲಿನವರು ಮೊನಾಂಗ್ ಎಂದು ಕರೆಯುವ ಚಂಡಮಾರುತದ ಮಳೆಗೆ ಅಣೆಕಟ್ಟು ಒಡೆಯಿತು. ಮಣ್ಣಿನ ಒಡ್ಡನ್ನು ಕಂಡವರಿಗೆ ಅದು ಒಡೆಯುವ ರೀತಿ ಗೊತ್ತಿರುತ್ತದೆ. ತುಂಬಿದ ನೀರು ಹೊರಹೋಗುವ ದಾರಿಯನ್ನು ಮೀರಿ ಏರಿಯ ಮೇಲೆ ಹತ್ತಿದರೆ, ಹರಿವು ಮೊದಲು ಒಂದು ಸಣ್ಣ ಕೊರಕಲನ್ನು ಕೊರೆಯುತ್ತದೆ, ಕೊರಕಲು ಅಗಲವಾಗುತ್ತ ಹೋಗಿ ಕೊನೆಗೆ ಏರಿಯೇ ನೀರಿನೊಡನೆ ಸಾಗುತ್ತದೆ. ಬರಿಯ ನೆರೆಯಾಗಿದ್ದರೆ ನೀರು ಇಳಿದ ಮೇಲೆ ಗದ್ದೆ ಗದ್ದೆಯಾಗಿಯೇ ಉಳಿಯುತ್ತಿತ್ತು. ಇಲ್ಲಿ ನೀರಿನ ಜೊತೆಗೆ ಗಣಿಯ ಮಣ್ಣೂ ಇಳಿಯಿತು. ಕಣಿವೆಯ ಹಳ್ಳಿಗಳಲ್ಲಿ ಮನೆಗಳು ಕೊಚ್ಚಿಹೋದವು, ಉಳುವ ಎಮ್ಮೆಗಳು ಸತ್ತವು, ಬೆಳೆ ಹೂಳಿನಡಿ ಸೇರಿತು, ಪಟ್ಟಣಕ್ಕೂ ನೀರು ನುಗ್ಗಿತು. ಇಬ್ಬರು ಮಕ್ಕಳು ಪ್ರಾಣ ಕಳೆದುಕೊಂಡರು. ಅಸಾಧಾರಣ ಮಳೆಯೇ ಕಾರಣ ಎಂದಿತು ಕಂಪನಿ. ಅಣೆಕಟ್ಟನ್ನು ಮತ್ತೆ ಕಟ್ಟುವಾಗ ಮಾತ್ರ ಹೆಚ್ಚಿನ ನೀರು ಹೊರಹೋಗಲು ಕೋಡಿಯನ್ನು ಸೇರಿಸಲಾಯಿತು. ಆ ಕೋಡಿಯೇ ಮೊದಲಿನ ವಿನ್ಯಾಸದ ಬಗ್ಗೆ ಬೇಕಾದಷ್ಟು ಹೇಳುತ್ತದೆ ಎಂದು ನನಗನ್ನಿಸುತ್ತದೆ. ಪ್ರತಿವರ್ಷ ಚಂಡಮಾರುತಗಳು ಹಾಯುವ ದ್ವೀಪಸಮೂಹದಲ್ಲಿ ಚಂಡಮಾರುತದ ಮಳೆಯನ್ನು ಅನಿರೀಕ್ಷಿತವೆನ್ನುವುದು ಹೇಗೆ?

ಮೊಗ್‌ಪೊಗ್‌ನ ಈ ಅನಾಹುತ ಹೊರಗೆ ಸುದ್ದಿಯಾಗಲಿಲ್ಲ. ಸುದ್ದಿಯಾದದ್ದು 1996ರ ಮಾರ್ಚ್ 24ರದು. ಹಳೆಯ ತಪಿಯಾನ್ ಗುಂಡಿಯನ್ನು ಕೆಸರು ತುಂಬುವ ತೊಟ್ಟಿಯಾಗಿ ಬಳಸುತ್ತಿದ್ದ ಕಂಪನಿ, ಅದರ ತಳದ ಸುರಂಗಕ್ಕೆ ಜಡಿದಿದ್ದ ಕಾಂಕ್ರೀಟ್ ಬಿರಡೆ ಅಂದು ಸೋತು, ಸುಮಾರು 16 ಲಕ್ಷ ಘನ ಮೀಟರ್ ಕೆಸರು ಬೊವಾಕ್ ನದಿಗೆ ಹರಿಯಿತು. ವಿಶ್ವಸಂಸ್ಥೆಯ ತಂಡ ಬಂತು, ಗಣಿ ನಿಂತಿತು, ಅಧಿಕಾರಿಗಳ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. ಅಂದಿನಿಂದ ‘ಮಾರ್ಕಾಪರ್ ದುರಂತ’ ಎಂದರೆ ಬೊವಾಕ್ ಎಂದೇ ಅರ್ಥವಾಗಿ, ಅದಕ್ಕಿಂತ ಎರಡು ವರ್ಷ ಮೊದಲು ಪಕ್ಕದ ಕಣಿವೆಯಲ್ಲಿ ನಡೆದದ್ದು ಅಡಿಟಿಪ್ಪಣಿಯಾಯಿತು.

ಗಣಿ ನಿಂತರೂ ಹೊಳೆಗೆ ಬಿಡುವು ಸಿಗಲಿಲ್ಲ. ತಾಮ್ರದ ಅದಿರಿರುವ ಕಲ್ಲಿನಲ್ಲಿ ಗಂಧಕವೂ ಇರುತ್ತದೆ. ನೆಲದೊಳಗೆ ಮುಚ್ಚಿಕೊಂಡಿರುವವರೆಗೆ ಅದರಿಂದ ತೊಂದರೆಯಿಲ್ಲ. ಒಡೆದು ರಾಶಿ ಹಾಕಿದ ಮೇಲೆ ಗಾಳಿ ಮತ್ತು ಮಳೆನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ, ಆಮ್ಲ ಕಲ್ಲಿನಲ್ಲಿ ಉಳಿದ ಲೋಹವನ್ನು ಕರಗಿಸಿಕೊಂಡು ಹೊಳೆಗಿಳಿಯುತ್ತದೆ, ಕಬ್ಬಿಣದ ಅಂಶ ಹೊಳೆಯ ಕಲ್ಲುಗಳ ಮೇಲೆ ತುಕ್ಕಿನ ಬಣ್ಣದ ಪದರವಾಗಿ ಕೂರುತ್ತದೆ. 2000ದಲ್ಲಿ ದ್ವೀಪಕ್ಕೆ ಬಂದ ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆಯ ತಜ್ಞರು ಮೊಗ್‌ಪೊಗ್ ಹೊಳೆಗೆ ಇಂಥ ಆಮ್ಲದ ನೀರು ಸೇರುತ್ತಿರುವುದನ್ನು ದಾಖಲಿಸಿದರು. 2001ರಲ್ಲಿ ಪ್ಲೇಸರ್ ಡೋಮ್‌ಗಾಗಿ ಕೆನಡಾದ ಎಂಜಿನಿಯರಿಂಗ್ ಸಲಹೆಗಾರರು ನೀಡಿದ ವರದಿ, ಗಣಿಯ ಕಟ್ಟಡ-ಒಡ್ಡುಗಳು ಜನರ ಜೀವಕ್ಕೂ ಆಸ್ತಿಗೂ ಅಪಾಯಕಾರಿ ಸ್ಥಿತಿಯಲ್ಲಿವೆ ಎಂದು ಎಚ್ಚರಿಸಿತು. ಅದೇ ವರ್ಷ ಪ್ಲೇಸರ್ ಡೋಮ್ ಫಿಲಿಪ್ಪೀನ್ಸ್‌ನಿಂದ ಕಾಲ್ತೆಗೆಯಿತು. ಮೊಗ್‌ಪೊಗ್‌ನವರು ಮಾರ್ಕಾಪರ್ ವಿರುದ್ಧ ದಾವೆ ಹೂಡಿದ್ದೂ ಅದೇ ವರ್ಷ.

ಈ ನಡುವೆ ಇನ್ನೊಂದು ಮೊಕದ್ದಮೆ ನಡೆಯುತ್ತಿತ್ತು, ಇಡೀ ಕಡತದಲ್ಲಿ ನನಗೆ ಅತ್ಯಂತ ವಿಚಿತ್ರವೆನಿಸಿದ್ದು ಇದೇ. ಕಂಪನಿಯ ಹೂಳು ತಡೆಯುವ ಅಣೆಕಟ್ಟಿಗೆ ಪ್ರಾಂತ್ಯದ ಅಧಿಕಾರಿಗಳು 1994ರಲ್ಲಿ ಆಸ್ತಿ ತೆರಿಗೆ ವಿಧಿಸಿದ್ದರು. ಅಣೆಕಟ್ಟು ಮಾಲಿನ್ಯ ತಡೆಯುವ ಸಾಧನವಾದ್ದರಿಂದ ಅದಕ್ಕೆ ತೆರಿಗೆ ವಿನಾಯಿತಿ ಇದೆ ಎಂಬುದು ಮಾರ್ಕಾಪರ್‌ನ ವಾದವಾಗಿತ್ತು, ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಿಯೂ ಇತ್ತು. 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು: ವಿನಾಯಿತಿ ಇರುವುದು ಯಂತ್ರೋಪಕರಣಗಳಿಗೆ, ಅಣೆಕಟ್ಟು ಯಂತ್ರವಲ್ಲ, ಆದ್ದರಿಂದ ತೆರಿಗೆ ಕಟ್ಟಬೇಕು. ಪರಿಸರ ರಕ್ಷಣೆಯ ಹೆಸರಿನಲ್ಲಿ ಕಟ್ಟಿದ್ದಕ್ಕೆ ಪರಿಸರ ರಕ್ಷಣೆಯ ರಿಯಾಯಿತಿ ಕೇಳುವುದು ಲೆಕ್ಕಪತ್ರದ ಮಟ್ಟಿಗೆ ಸಹಜವೇ ಇರಬಹುದು. ಹೊಳೆದಂಡೆಯಲ್ಲಿ ಕೂತು ಓದಿದವರಿಗೆ ಆ ವಾದ ಹೇಗೆ ಕೇಳಿಸಿರಬೇಕು!

ಪ್ರಾಂತ್ಯ ಸರ್ಕಾರ 2005ರಲ್ಲಿ ಪ್ಲೇಸರ್ ಡೋಮ್ ವಿರುದ್ಧ ಅಮೆರಿಕದ ನೆವಾಡಾದಲ್ಲಿ ಹೂಡಿದ ದಾವೆಯೂ ಫಲ ಕೊಡಲಿಲ್ಲ. 2006ರಲ್ಲಿ ಆ ಸಂಸ್ಥೆಯನ್ನು ಬ್ಯಾರಿಕ್ ಗೋಲ್ಡ್ ಕೊಂಡುಕೊಂಡಿತು. ಈ ವ್ಯಾಜ್ಯ ವಿಚಾರಿಸಲು ತಾನು ಸೂಕ್ತ ಸ್ಥಳವಲ್ಲ ಎಂಬ ಕಾರಣಕ್ಕೆ ದಾವೆ ವಜಾಗೊಂಡದ್ದನ್ನು 2015ರ ಜೂನ್‌ನಲ್ಲಿ ನೆವಾಡಾದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಪರದೇಶದ ದೊಡ್ಡ ಮೊಕದ್ದಮೆ ಹೀಗೆ ಮುಗಿದ ಮೇಲೂ ಮೊಗ್‌ಪೊಗ್‌ನವರ ಸಣ್ಣ ದಾವೆ ತನ್ನ ದ್ವೀಪದ ನ್ಯಾಯಾಲಯದಲ್ಲೇ ಉಳಿದುಕೊಂಡಿತ್ತು.

2022ರ ತೀರ್ಪು ಬಂದದ್ದು ಆ ದಾವೆಗೆ. ನಷ್ಟಕ್ಕಾಗಿ ತಲಾ 2 ಲಕ್ಷ ಪೆಸೊ, ಅನುಭವಿಸಿದ ಯಾತನೆಗಾಗಿ ತಲಾ 1 ಲಕ್ಷ ಪೆಸೊ ಕೊಡಬೇಕೆಂದು ಅದರಲ್ಲಿ ಬರೆದಿದೆ. ಕೊಡಬೇಕಾದವರ ಸಾಲಿನಲ್ಲಿ ಇರುವುದು ಕೆನಡಾದ ಯಾವ ಹೆಸರೂ ಅಲ್ಲ, 1996ರಿಂದ ಒಂದು ಹಿಡಿ ಅದಿರನ್ನೂ ತೆಗೆಯದ ಮಾರ್ಕಾಪರ್.