ಮೀಡಿಯಂ ಫಾರ್ಮ್ಯಾಟ್ ಟಿಪ್ಪಣಿ: ಎಫ್ 11 ಎರಡು ಕ್ಯಾಮೆರಾದಲ್ಲೂ ಒಂದೇನಾ?

ದೇವರಾಯನದುರ್ಗದಲ್ಲಿ ತೆಗೆದ ರೋಲ್ ಮೊನ್ನೆ ಡೆವಲಪ್ ಆಗಿ ಬಂತು. 12 ಚಿತ್ರಗಳಲ್ಲಿ 7ರಲ್ಲಿ ಒಂದೇ ತೊಂದರೆ. ಮುಂದಿನ ಬಂಡೆಯೂ ಮಸುಕು, ಹಿಂದಿನ ಗುಡಿಯೂ ಮಸುಕು. ನಡುವಿನ ಹುಲ್ಲು ಮಾತ್ರ ಎಳೆ ಎಳೆಯಾಗಿ ಕಾಣುತ್ತಿದೆ. ಯಾಕೆ ಹೀಗಾಯಿತು ಅಂತ ತಿಳಿಯಲು ಮೂರು ದಿನ ಹಿಡಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ತುಮಕೂರಿನಲ್ಲಿ ನನ್ನ ಜೊತೆ ಫಿಲಂ ಕಲಿಯುತ್ತಿರುವವರಿಗೂ ಉಪಯೋಗವಾಗಲಿ.

ಕ್ಯಾಮೆರಾ ನನ್ನದಲ್ಲ. ಸ್ಟುಡಿಯೋ ಅಣ್ಣ ಕೊಟ್ಟ ಯಾಶಿಕಾ ಮ್ಯಾಟ್ 124ಜಿ. ಒಂದರ ಮೇಲೊಂದು ಎರಡು ಲೆನ್ಸ್: ಮೇಲಿನದು ನೋಡಲು, ಕೆಳಗಿನದು ಚಿತ್ರ ತೆಗೆಯಲು. 120 ಫಿಲಂ (35 ಎಂಎಂಗಿಂತ ಅಗಲದ ರೋಲ್, ಈ ದೊಡ್ಡ ಅಳತೆಗೇ ಮೀಡಿಯಂ ಫಾರ್ಮ್ಯಾಟ್ ಅನ್ನುವುದು), 6×6 ಸೆಂಟಿಮೀಟರ್ ಚೌಕ, ಲೆನ್ಸ್ 80 ಎಂಎಂ ಎಫ್ 3.5. ಎಫ್ ಸಂಖ್ಯೆ ಲೆನ್ಸ್ ತೂತಿನ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು.

ದೊಡ್ಡ ಫಿಲಂನಿಂದ ಸಿಗುವುದೇನು

120 ಫಿಲಂ 1901ರಿಂದ ಇದೆ. ಅದೇ ರೋಲ್‌ನಲ್ಲಿ 6×4.5 ಆದರೆ 15 ಅಥವಾ 16 ಚಿತ್ರ, 6×6 ಆದರೆ 12, 6×7 ಆದರೆ 10. 35 ಎಂಎಂ ಚಿತ್ರ 24×36 ಮಿಲಿಮೀಟರ್. 6×6 ಅಂದರೆ ನಿಜವಾಗಿ 56×56. ಜಾಗ ಸುಮಾರು ಮೂರೂವರೆ ಪಟ್ಟು ಜಾಸ್ತಿ. 12 ಇಂಚು ಎತ್ತರದ ಪ್ರಿಂಟ್ ಹಾಕಿಸಿದರೆ 35 ಎಂಎಂ ಚಿತ್ರವನ್ನು ಹತ್ತಿರ ಹತ್ತಿರ 13 ಪಟ್ಟು ಹಿಗ್ಗಿಸಬೇಕು. 6×6 ಆದರೆ ಐದೂವರೆ ಪಟ್ಟು ಸಾಕು. ಕಾಳುಕಾಳಾಗಿ ಕಾಣುವುದಿಲ್ಲ, ಕೆನ್ನೆಯ ಮೇಲೆ ಬೆಳಕು ನೆರಳಿಗೆ ತಿರುಗುವುದು ನಯವಾಗಿ ಬರುತ್ತದೆ. ನನಗೆ ಈ ಫಾರ್ಮ್ಯಾಟ್ ಇಷ್ಟವಾಗಿದ್ದೇ ಇದಕ್ಕೆ.

ನಾನು ಸಿಕ್ಕಿಕೊಂಡ ಜಾಗ

ನನ್ನ ಫುಲ್ ಫ್ರೇಮ್ (ಸೆನ್ಸರ್ 35 ಎಂಎಂ ಚಿತ್ರದಷ್ಟೇ ಇರುವ) ಡಿಜಿಟಲ್‌ನಲ್ಲಿ ಜೂಮ್ 45 ಎಂಎಂಗೆ ಇಟ್ಟು, ಎಫ್ 11ರಲ್ಲಿ 6 ಮೀಟರ್‌ಗೆ ಫೋಕಸ್ ಮಾಡಿದರೆ 3 ಮೀಟರ್ ದೂರದ ಬಂಡೆಯಿಂದ ಬೆಟ್ಟದ ಗುಡಿಯವರೆಗೆ ಎಲ್ಲ ಸರಿಯಾಗಿ ಬರುತ್ತದೆ. ಯಾಶಿಕಾದಲ್ಲೂ ಹಾಗೇ ಮಾಡಿದೆ. ಅಲ್ಲಿ ನಿಚ್ಚಳವಾಗಿ ಬಂದದ್ದು ಸುಮಾರು 4 ಮೀಟರ್‌ನಿಂದ 13 ಮೀಟರ್‌ವರೆಗೆ ಮಾತ್ರ.

ಎಕ್ಸ್‌ಪೋಶರ್ (ಚಿತ್ರಕ್ಕೆ ಬಿದ್ದ ಬೆಳಕು) ಮಾತ್ರ ಎರಡರಲ್ಲೂ ಸರಿ ಬಂದಿತ್ತು. ನನ್ನ ಗೊಂದಲ ಅಲ್ಲೇ ಇದ್ದದ್ದು. ಎಫ್ 11 ಬೆಳಕಿಗೆ ಎರಡು ಕಡೆಯೂ ಒಂದೇ ಆದರೆ, ಫೋಕಸ್ ಆಳಕ್ಕೆ (ಎಲ್ಲಿಂದ ಎಲ್ಲಿಯವರೆಗೆ ನಿಚ್ಚಳ ಅನ್ನುವುದಕ್ಕೆ) ಯಾಕೆ ಒಂದೇ ಅಲ್ಲ?

ಬೆಳಕಿನ ಲೆಕ್ಕ ಹೀಗೆ. ಒಂದೇ ಮಳೆ ಅಂಗಳದಲ್ಲಿಟ್ಟ ಮೊರದ ಮೇಲೂ ಬೀಳುತ್ತದೆ, ರಾಗಿ ಕಣದ ಮೇಲೂ ಬೀಳುತ್ತದೆ. ಒಟ್ಟು ನೀರು ಕಣಕ್ಕೆ ಜಾಸ್ತಿ. ಆದರೆ ಗೇಣು ಜಾಗಕ್ಕೆ ಬೀಳುವ ಹನಿ ಎರಡು ಕಡೆಯೂ ಅಷ್ಟೇ. ಫಿಲಂಗೆ ಬೇಕಾದದ್ದು ಗೇಣಿನ ಲೆಕ್ಕ. ಅದಕ್ಕೇ ಲೈಟ್ ಮೀಟರ್‌ಗೆ ನಾವು ಫಾರ್ಮ್ಯಾಟ್ ಹೇಳುವುದಿಲ್ಲ, ಅಲ್ವಾ?

ಫೋಕಸ್ ಆಳದ ಲೆಕ್ಕ ಬೇರೆ. ಅಣ್ಣನನ್ನು ಕೇಳಿದಾಗ, "ನಂಬರ್ ನೋಡಬೇಡಪ್ಪ, ತೂತು ನೋಡು" ಅಂದರು. ಖಾಲಿ ಕ್ಯಾಮೆರಾದ ಹಿಂಬಾಗಿಲು ತೆಗೆದು, ಶಟರನ್ನು ಬಿ ಮೇಲೆ (ಒತ್ತಿರುವಷ್ಟು ಹೊತ್ತೂ ತೆರೆದಿರುತ್ತದೆ) ಇಟ್ಟು ಒತ್ತಿ ಹಿಡಿದು, ಕಿಟಕಿಯ ಬೆಳಕಿಗೆ ಹಿಡಿದರು. ಕೆಳಗಿನ ಲೆನ್ಸನ್ನು ಮುಂದಿನಿಂದ ನೋಡಿದೆ. ಎಫ್ 3.5ರಲ್ಲಿ ಐದು ರೂಪಾಯಿ ನಾಣ್ಯದಷ್ಟು ತೂತು. ಎಫ್ 22ಕ್ಕೆ ತಿರುಗಿಸಿದರೆ ಹೆಸರುಕಾಳಿನಷ್ಟು. ಎಫ್ ಸಂಖ್ಯೆ ಅಂದರೆ ಫೋಕಲ್ ಲೆಂತ್ (ಲೆನ್ಸ್ ಮೇಲಿನ ಎಂಎಂ ಅಂಕಿ) ಭಾಗಿಸು ತೂತಿನ ಅಗಲ, ಅಷ್ಟೇ. ಎಫ್ 11ರಲ್ಲಿ 80 ಎಂಎಂ ಲೆನ್ಸ್‌ನ ತೂತು 7 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. 45 ಎಂಎಂ ಲೆನ್ಸ್‌ನದು 4 ಮಿಲಿಮೀಟರ್. ಎರಡೂ ಲೆನ್ಸ್ ನೋಡುವ ಅಗಲ ಹೆಚ್ಚುಕಡಿಮೆ ಒಂದೇ. ಒಂದೇ ನೋಟಕ್ಕೆ ತೂತು ದೊಡ್ಡದಾದಷ್ಟೂ ಮಸುಕು ಜಾಸ್ತಿ.

ಹಾಗಾದರೆ ಯಾಶಿಕಾದಲ್ಲೂ 4 ಮಿಲಿಮೀಟರ್ ತೂತು ಬೇಕಿತ್ತು. 80 ಭಾಗಿಸು 4, ಅಂದರೆ ಎಫ್ 20. ಹತ್ತಿರದ್ದು ಎಫ್ 22. 5.5 ಮೀಟರ್‌ಗೆ ಫೋಕಸ್ ಮಾಡಿದರೆ 3 ಮೀಟರ್‌ಗಿಂತ ಈಚೆಯಿಂದಲೇ ದೂರದವರೆಗೂ ಹಿಡಿಯುತ್ತದೆ. ಆದರೆ ಎರಡು ಸ್ಟಾಪ್ ಬೆಳಕು ಹೋಯಿತು (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ). ಶಟರ್ 1/60 ಸೆಕೆಂಡ್ ಇದ್ದದ್ದು 1/15 ಆಗಬೇಕು, ಕೈಯಲ್ಲಿ ಹಿಡಿದರೆ ಅಲುಗುತ್ತದೆ. ಮೀಡಿಯಂ ಫಾರ್ಮ್ಯಾಟ್‌ಗೆ ಟ್ರೈಪಾಡ್ ಬೇಕು ಅನ್ನುವುದು ತೂಕಕ್ಕೆ ಮಾತ್ರ ಅಂದುಕೊಂಡಿದ್ದೆ. ಈ ಕಾರಣವೂ ಅಷ್ಟೇ ದೊಡ್ಡದು.

ನನ್ನ ಅಡ್ಡದಾರಿ: ಫೋಕಲ್ ಲೆಂತ್ ಮತ್ತು ಎಫ್ ಸಂಖ್ಯೆ ಎರಡನ್ನೂ ಒಂದೇ ಅಂಕಿಯಿಂದ ಗುಣಿಸಿ. 6×6ಕ್ಕೆ 0.55, 6×4.5ಕ್ಕೆ 0.62, 44×33 ಡಿಜಿಟಲ್‌ಗೆ 0.8. ಬರುವುದು ಫುಲ್ ಫ್ರೇಮ್ ಭಾಷೆಯಲ್ಲಿ ಅದರ ನೋಟ. ಕರ್ಣ ಹಿಡಿದು ಮಾಡಿದ ಲೆಕ್ಕ, ಚೌಕಕ್ಕೆ ಸ್ವಲ್ಪ ಆಚೀಚೆ ಆಗುತ್ತದೆ. ಎಕ್ಸ್‌ಪೋಶರ್‌ಗೆ ಮಾತ್ರ ಇದನ್ನು ಬಳಸಬೇಡಿ.

ಯಾಶಿಕಾದ 80 ಎಫ್ 3.5 ಹೀಗೆ 44 ಎಫ್ 1.9 ಆಗುತ್ತದೆ. ನಮ್ಮಲ್ಲಿ ಎಷ್ಟೋ ಜನರ ಬ್ಯಾಗಿನಲ್ಲಿರುವ 50 ಎಫ್ 1.8 ಅಷ್ಟೇ ಹಿನ್ನೆಲೆ ಮಸುಕು ಕೊಡುತ್ತದೆ. ಬರೀ ಮಸುಕಿಗೋಸ್ಕರ ಸುಮ್ನೆ ಮೀಡಿಯಂ ಫಾರ್ಮ್ಯಾಟ್ ಕೊಳ್ಳಬೇಡಿ.

ಉಳಿದದ್ದು

ಶಟರ್ ಎಲ್ಲಿದೆ ನೋಡಿ. 1957ರ ಹ್ಯಾಸಲ್‌ಬ್ಲಾಡ್ 500ಸಿಯಲ್ಲಿ ಲೆನ್ಸ್ ಒಳಗೇ ಶಟರ್, 1/500ರಲ್ಲೂ ಫ್ಲ್ಯಾಶ್ ಸರಿ ಹೊಂದುತ್ತದೆ. ಯಾಶಿಕಾದಲ್ಲೂ ಹಾಗೇ. ಮಟಮಟ ಮಧ್ಯಾಹ್ನ ಛತ್ರದ ಹೊರಗೆ ಗ್ರೂಪ್ ಫೋಟೋ ತೆಗೆಯುವವರಿಗೆ ಇದು ದೊಡ್ಡ ಅನುಕೂಲ. ಪೆಂಟಾಕ್ಸ್ 67ರಲ್ಲಿ ಶಟರ್ ಬಾಡಿಯಲ್ಲಿದೆ, ಫ್ಲ್ಯಾಶ್‌ಗೆ 1/30 ದಾಟುವಂತಿಲ್ಲ. ಮಾಮಿಯಾ ಆರ್‌ಬಿ67 ಭಾರ, ಆದರೆ ಹಿಂಭಾಗ ತಿರುಗುತ್ತದೆ, ಉದ್ದ ಚಿತ್ರಕ್ಕೆ ಕ್ಯಾಮೆರಾ ವಾಲಿಸಬೇಕಿಲ್ಲ.

ಮೇಲಿನಿಂದ ಬಗ್ಗಿ ನೋಡುವ ಫೈಂಡರ್‌ನಲ್ಲಿ ಎಡಬಲ ಅದಲುಬದಲು. ಓಡಾಡುವ ಮಕ್ಕಳ ಹಿಂದೆ ಇದನ್ನು ಹಿಡಿದು ಹೋಗುವುದು ಕಷ್ಟ.

ಡಿಜಿಟಲ್: 2017ರಲ್ಲಿ ಬಂದ ಫ್ಯೂಜಿ ಜಿಎಫ್‌ಎಕ್ಸ್ 50ಎಸ್‌ನಂಥವುಗಳ ಸೆನ್ಸರ್ 44×33, ಫುಲ್ ಫ್ರೇಮ್‌ಗಿಂತ 1.7 ಪಟ್ಟು ಮಾತ್ರ ದೊಡ್ಡದು. 6×4.5 ಫಿಲಂಗಿಂತ ಚಿಕ್ಕದು. ಅದರ 63 ಎಫ್ 2.8 ಲೆನ್ಸ್ ನಮ್ಮ ಲೆಕ್ಕದಲ್ಲಿ 50 ಎಫ್ 2.2.

ಈ ಭಾನುವಾರ ಮತ್ತೆ ಅದೇ ಬಂಡೆಯ ಹತ್ತಿರ ಹೋಗುತ್ತೇನೆ. ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ: ಫೋಕಸ್ 5.5 ಮೀಟರ್, ಎಫ್ 22, 1/15, ಟ್ರೈಪಾಡ್, ಕೇಬಲ್ ರಿಲೀಸ್.