ಮಧ್ಯಾಹ್ನ ಕಿಟಕಿ ಮುಚ್ಚಿ, ಕೂಲರ್ ಹಚ್ಚಿದರೆ ತೆಗೆಯಿರಿ

ಹೋದ ಮೇ ತಿಂಗಳಲ್ಲಿ ಹೊಸ ಕೂಲರ್ ತಂದ ಮೂರನೇ ದಿನಕ್ಕೇ ಅದು ಕೆಟ್ಟಿದೆ ಅಂತ ಮೆಕ್ಯಾನಿಕ್‌ನನ್ನು ಕರೆಸಿದೆ. ಕಲಬುರಗಿಯಲ್ಲಿ ನಮ್ಮದು ಮೇಲಿನ ಮಹಡಿಯ ಬಾಡಿಗೆ ಮನೆ, ತಲೆ ಮೇಲೆ ನೇರ ಸ್ಲ್ಯಾಬ್. ಕೂಲರ್ ಹಚ್ಚಿದರೆ ಮೊದಲ ಅರ್ಧ ಗಂಟೆ ಸ್ವರ್ಗ, ಆಮೇಲೆ ಹಾಸಿಗೆಯೆಲ್ಲ ತಣ್ಣಗೆ ಒದ್ದೆ, ಮೈ ಅಂಟಂಟು. ಆತ ಬಂದ, ಹುಲ್ಲು ಮುಟ್ಟಿದ, ಪಂಪ್ ನೋಡಿದ, ಕೊನೆಗೆ ನಾನು ಭದ್ರವಾಗಿ ಮುಚ್ಚಿಟ್ಟಿದ್ದ ಬಾಗಿಲು ನೋಡಿ ನಕ್ಕ.

"ಸರ, ಗಾಳಿ ಒಳಗ ಬರ್ಲಾಕತ್ತದ, ಹೊರಗ ಹೋಗ್ಲಾಕ ದಾರಿನೇ ಇಲ್ಲಲ್ರಿ!"

ಎದುರಿನ ಕಿಟಕಿಯನ್ನು ನಾಲ್ಕು ಬೆರಳು ತೆಗೆದ. ಅಷ್ಟೇ ರಿಪೇರಿ.

ನಾಚಿಕೆಯಾಯಿತು, ಯಾಕಂದ್ರೆ ಇದರ ಹಿಂದಿನ ವಿಜ್ಞಾನ ನನಗೆ ಗೊತ್ತಿಲ್ಲದ್ದೇನಲ್ಲ. ರಂಜಣಗಿಯ, ಅಂದ್ರೆ ಮಣ್ಣಿನ ಗಡಿಗೆಯ, ನೀರು ತಂಪಾಗುವುದೂ ಕೂಲರ್ ಕೆಲಸ ಮಾಡುವುದೂ ಒಂದೇ ಲೆಕ್ಕದಲ್ಲಿ. ನೀರು ಆರಿ ಆವಿಯಾಗಲು ಶಾಖ ಬೇಕು, ಅದನ್ನು ಗಡಿಗೆಯಲ್ಲಿ ಉಳಿದ ನೀರಿನಿಂದ, ಕೂಲರಿನಲ್ಲಿ ಹಾದುಹೋಗುವ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಒಂದು ಲೀಟರ್ ನೀರು ಆರಿದರೆ ಹೆಚ್ಚುಕಡಿಮೆ 0.67 ಯೂನಿಟ್ ಕರೆಂಟಿನಷ್ಟು ಶಾಖ ಹೋಯಿತು ಅಂತ ಅರ್ಥ. ಗಂಟೆಗೆ 5 ಲೀಟರ್ ಆರಿಸುವ ಕೂಲರ್, ಶಾಖದ ಲೆಕ್ಕದಲ್ಲಿ ಒಂದು ಟನ್ ಏಸಿಗೆ ಸಮ. ಏಸಿ ಅದಕ್ಕೆ ಒಂದು ಕಿಲೋವಾಟ್ ಆಸುಪಾಸು ಕರೆಂಟ್ ತಿಂದರೆ, ಕೂಲರಿಗೆ ಫ್ಯಾನು ಪಂಪು ಎಲ್ಲ ಸೇರಿ 200 ವ್ಯಾಟ್ ಸಾಕು. ಆದರೆ ರಾತ್ರಿ ಎಂಟು ಗಂಟೆ ಓಡಿಸಿದರೆ 40 ಲೀಟರ್ ನೀರು ಬೇಕು, ಮೇ ತಿಂಗಳಲ್ಲಿ ನಮ್ಮ ಓಣಿಯಲ್ಲಿ ಅಷ್ಟು ನೀರು ಅಂದ್ರೆ ಸಣ್ಣ ಮಾತಲ್ಲ.

ಈ ಆಟ ನಡೆಯುವುದು ಒಣ ಗಾಳಿ ಇದ್ದಾಗ ಮಾತ್ರ. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದಾಗ ಅದು ತೋರಿಸುವ ಅಂಕಿ ಇದೆಯಲ್ಲ, ಅದಕ್ಕಿಂತ ಕೆಳಗೆ ಕೂಲರ್ ಗಾಳಿಯನ್ನು ಇಳಿಸಲಾರದು. ಹೊರಗೆ 42 ಡಿಗ್ರಿ, ತೇವಾಂಶ ಶೇ 20 ಇದ್ದರೆ ಆ ಅಂಕಿ 24ರ ಹತ್ತಿರ. ಒಳ್ಳೆ ಕೂಲರ್ 28ರ ಗಾಳಿ ಕೊಡುತ್ತದೆ. ಜುಲೈಯಲ್ಲಿ 30 ಡಿಗ್ರಿ, ತೇವಾಂಶ ಶೇ 75 ಇದ್ದಾಗ ಎರಡು-ಮೂರು ಡಿಗ್ರಿ ಇಳಿಸಿದರೆ ಅದೇ ಹೆಚ್ಚು. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾನು ಮಾಡಿಕೊಂಡಿದ್ದೂ ಅದನ್ನೇ: ಮೇ ತಿಂಗಳಲ್ಲೇ ಸ್ವಂತ ಖರ್ಚಿನಲ್ಲಿ ಮಳೆಗಾಲ.

ಹಾಗಾದ್ರೆ ಕಿಟಕಿ ಯಾವಾಗಲೂ ತೆಗೆದಿರಬೇಕಾ? ಇಲ್ಲ. ಇಲ್ಲೇ ಎಲ್ಲರೂ ಎಡವುವುದು. ಸೆಕೆ ಆಗುತ್ತಿದೆ, ಗಾಳಿ ಬರಲಿ ಅಂತ ಮಧ್ಯಾಹ್ನ ಎರಡಕ್ಕೆ ಕಿಟಕಿ ತೆಗೆದು ಕೂರುತ್ತೇವೆ. ಹೊರಗೆ 42, ಒಳಗೆ 35. ನಾವು ಒಳಗೆ ಕರೆಯುತ್ತಿರುವುದು ಗಾಳಿಯನ್ನಲ್ಲ, ಝಳವನ್ನು. ನಮ್ಮ ಆಯಿ ಬೆಳಿಗ್ಗೆ ಎಂಟಾಗುತ್ತಲೇ ಕಿಡಕಿ ಬಾಗಿಲು ಮುಚ್ಚಿ ಪಡಸಾಲೆಯಲ್ಲಿ ಅರೆಗತ್ತಲೆ ಮಾಡಿಬಿಡುತ್ತಿದ್ದಳು, ನಾವು ಹುಡುಗರು "ಜೈಲು" ಅಂತ ಗೊಣಗುತ್ತಿದ್ದೆವು. ಆ ಮನೆಗೆ ಎರಡಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಅಷ್ಟು ದಪ್ಪದ ಗೋಡೆಯನ್ನು ದಾಟಿ ಬಿಸಿಲು ಒಳಗೆ ಬರುವಷ್ಟರಲ್ಲಿ ಹೊರಗೆ ರಾತ್ರಿಯಾಗಿರುತ್ತಿತ್ತು, ಅದೂ ಬಹಳ ಸೊರಗಿ ಬರುತ್ತಿತ್ತು. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ, 1367ರದ್ದು, ತೆರೆದ ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ಚಾವಣಿ. ಯಾಕೆ ಹಾಗೆ ಕಟ್ಟಿದರು ಅನ್ನುವುದು ಬೇರೆ ಚರ್ಚೆ, ನಮ್ಮ ಬಿಸಿಲಿಗಂತೂ ಹೇಳಿ ಮಾಡಿಸಿದ ಹಾಗಿದೆ.

ಈಗಿನ ಸ್ಲ್ಯಾಬ್ ಐದು ಇಂಚು. ಮಧ್ಯಾಹ್ನದ ಬಿಸಿಲು ಪ್ರತಿ ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ಹತ್ತು-ಹನ್ನೆರಡು ಅಡಿಯ ಸಣ್ಣ ಕೋಣೆ ತಗೊಳ್ಳಿ, ಅದರ ಚಾವಣಿ ಮೇಲೆ ಹನ್ನೊಂದು ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಹಚ್ಚಿಟ್ಟ ಹಾಗೆ. ಬಹುಪಾಲು ಶಾಖ ವಾಪಸ್ ಹೊರಗೇ ಹೋಗುತ್ತದೆ, ಉಳಿದದ್ದು ನಿಧಾನಕ್ಕೆ ಕೆಳಗಿಳಿಯುತ್ತದೆ. ಮೂರ್ನಾಲ್ಕು ಗಂಟೆ ತಡವಾಗಿ, ಅಂದ್ರೆ ನೀವು ಆಫೀಸಿನಿಂದ ಮನೆಗೆ ಬರುವ ಹೊತ್ತಿಗೆ ಸರಿಯಾಗಿ. ರಾತ್ರಿ ಒಂಬತ್ತಕ್ಕೆ ಕುರ್ಚಿ ಹತ್ತಿ ಚಾವಣಿಗೆ ಕೈ ಹಚ್ಚಿ ನೋಡಿ. ನಮ್ಮ ಮನೆಯದು ರೊಟ್ಟಿ ಮಾಡಿ ಇಳಿಸಿಟ್ಟ ಹಂಚು ಇದ್ದ ಹಾಗಿರುತ್ತದೆ, ಸುಡುವುದಿಲ್ಲ, ಆದರೆ ಕೈ ಇಟ್ಟುಕೊಳ್ಳಲು ಮನಸ್ಸಾಗುವುದಿಲ್ಲ.

ಈ ಹಂಚಿನ ಕೆಳಗೆ ಮಲಗಿದಾಗ ಗಾಳಿಯ ಉಷ್ಣತೆ ಎಷ್ಟು ಅನ್ನುವುದು ಅರ್ಧ ಕತೆ ಮಾತ್ರ. ಮೈಗೆ ಅನ್ನಿಸುವ ಸೆಕೆ ಗಾಳಿಯದ್ದು, ಸುತ್ತಲಿನ ಗೋಡೆ-ಚಾವಣಿಯದ್ದು, ಎರಡರ ಸರಾಸರಿಯ ಹತ್ತಿರ ಇರುತ್ತದೆ. ಗಾಳಿ 34, ಗೋಡೆ-ಚಾವಣಿ 38 ಆದರೆ ಮೈ 36 ಅನ್ನುತ್ತದೆ. ಫ್ಯಾನ್ ಹಚ್ಚಿದರೆ ಗಾಳಿ ಒಂದು ಡಿಗ್ರಿಯೂ ತಂಪಾಗುವುದಿಲ್ಲ, ಬೆವರು ಬೇಗ ಆರುತ್ತದೆ ಅಷ್ಟೆ. ಖಾಲಿ ಕೋಣೆಯಲ್ಲಿ ಓಡುವ ಫ್ಯಾನ್ ತಂಪು ಮಾಡಿಡುತ್ತದೆ ಅಂದುಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ, ಹೆಸರು ಬೇಡ. ಅದರ 75 ವ್ಯಾಟ್ ಪೂರ್ತಿ ಶಾಖವಾಗಿ ಕೋಣೆಯಲ್ಲೇ ಉಳಿಯುತ್ತದೆ.

ಚಾವಣಿಗೆ ಅಗ್ಗದ ಮದ್ದು ಬಿಳಿ ಬಣ್ಣ. ಬರಿ ಸಿಮೆಂಟು ಬಿಸಿಲಿನ ಮೂರನೇ ಒಂದು ಪಾಲನ್ನು ವಾಪಸ್ ಕಳಿಸಿದರೆ, ಹೊಸದಾಗಿ ಬಳಿದ ಬಿಳಿ ಬಣ್ಣ ಮುಕ್ಕಾಲು ಪಾಲು ಕಳಿಸುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆ ಅಂತಲೇ ಒಂದು ನೀತಿ ತಂದಿದೆ. ನಮ್ಮ ಊರಿನ ದೂಳಿಗೆ ವರ್ಷಕ್ಕೊಮ್ಮೆ ತೊಳೆಯಬೇಕು, ಇಲ್ಲಾಂದ್ರೆ ಬಿಳಿ ಬಣ್ಣ ಮಣ್ಣಿನ ಬಣ್ಣವಾಗಿರುತ್ತದೆ.

ಮತ್ತೆ ಕಿಟಕಿಗೆ ಬರುತ್ತೇನೆ. ನಮ್ಮ ಭಾಗದ ಬೇಸಿಗೆಯ ಒಂದು ಒಳ್ಳೆಯ ಗುಣ ಅಂದ್ರೆ ಹಗಲಿಗೂ ರಾತ್ರಿಗೂ ಇರುವ ಅಂತರ. 42 ಮುಟ್ಟಿದ ದಿನವೂ ಬೆಳಗಿನ ಜಾವ 27-28ಕ್ಕೆ ಇಳಿದಿರುತ್ತದೆ. ಆ ಹೊತ್ತಿನ ಗಾಳಿ ಪುಕ್ಕಟೆ ಏಸಿ. ಏಪ್ರಿಲ್-ಮೇನಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಿಸುತ್ತಾರಲ್ಲ, ಅದೇ ಟೈಮ್ ಟೇಬಲ್ ಕಿಟಕಿಗೂ ಬೇಕು: ಹೊರಗಿನ ಗಾಳಿ ಒಳಗಿಗಿಂತ ತಂಪಾದ ಮೇಲೆ ತೆಗೆಯುವುದು, ಬಿಸಿಯಾಗುವ ಮೊದಲು ಮುಚ್ಚುವುದು. ಒಂದೇ ಕಿಟಕಿ ತೆಗೆದರೆ ಹೆಚ್ಚೇನೂ ಆಗುವುದಿಲ್ಲ, ಮೆಕ್ಯಾನಿಕ್ ಹೇಳಿದ ಹಾಗೆ ಹೋಗುವ ದಾರಿಯೂ ಬೇಕು. ಆ ದಾರಿ ಮೇಲಿದ್ದರೆ ಇನ್ನೂ ಒಳ್ಳೆಯದು, ಬಿಸಿ ಗಾಳಿ ಹಗುರ, ತಾನಾಗಿ ಮೇಲೇರಿ ಹೊರಗೆ ಹೋಗುತ್ತದೆ, ಕೆಳಗಿನಿಂದ ತಂಪು ಗಾಳಿ ನುಗ್ಗುತ್ತದೆ. ಹಳೆ ಮನೆಗಳ ಬೆಳಕಿಂಡಿ ಬೆಳಕಿಗೆ ಮಾತ್ರ ಇದ್ದದ್ದಲ್ಲ.

ಏಸಿ ಬೇಡ ಅಂತ ನಾನು ಹೇಳುತ್ತಿಲ್ಲ, ವಯಸ್ಸಾದವರು, ಕೂಸುಗಳಿರುವ ಮನೆಗೆ ಅದು ಬೇಕು. ಆದರೆ ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದೇ ಇಲ್ಲ, ಒಳಗಿನದ್ದನ್ನೇ ತಿರುಗಿಸಿ ತಿರುಗಿಸಿ ಕೊಡುತ್ತದೆ. ಇಬ್ಬರು ಮಲಗಿದ ಮುಚ್ಚಿದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗಿನ ಮೂರ್ನಾಲ್ಕು ಪಟ್ಟು ಆಗುವುದು ಸಾಮಾನ್ಯ. ಎದ್ದಾಗ ತಲೆ ಭಾರ ಅನ್ನಿಸುವುದು ಸುಮ್ನೆ ಅಲ್ಲ. ಇನ್ನು 18ಕ್ಕೆ ಇಟ್ಟು ಕಂಬಳಿ ಹೊದೆಯುವವರಿಗೆ ಒಂದು ಲೆಕ್ಕ: ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರೂ ಸೇರಿ ಐದು ಊರಿನ ಕಚೇರಿಗಳಲ್ಲಿ ಜನರನ್ನು ಕೇಳಿ ಒಂದು ಸೂತ್ರ ಮಾಡಿದ್ದಾರೆ. ಅದರ ಪ್ರಕಾರ, ಕಿಟಕಿ ತೆಗೆಯುವ ಕಟ್ಟಡದಲ್ಲಿ, ಹೊರಗಿನ ತಿಂಗಳ ಸರಾಸರಿ 30 ಡಿಗ್ರಿ ಇದ್ದರೆ ಒಳಗೆ 29 ಜನಕ್ಕೆ ಹಿತವಾಗಿರುತ್ತದೆ. ಮೈ ಆ ಊರಿಗೆ ಒಗ್ಗಿರುತ್ತದೆ. ಏಸಿಯನ್ನು ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇ 6 ಕರೆಂಟ್ ಉಳಿಯುತ್ತದೆ. 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಚ್ಚಿ ನೋಡಿ.

ನಮ್ಮ ಮನೆ ಮಾಲಕರು ಈಗ ಕೆಳಗೆ ಇನ್ನೊಂದು ರೂಮ್ ಕಟ್ಟಿಸುತ್ತಿದ್ದಾರೆ. ಚಾವಣಿ ಹತ್ತಿರ ಎರಡು ವೆಂಟಿಲೇಟರ್ ಬಿಡಿಸಿರಿ ಅಂತ ಹೇಳಿ ನೋಡಿದೆ.

"ಪಿಒಪಿ ಸೀಲಿಂಗ್ ಮಾಡಿಸೋದದ್ರಿ," ಅಂದರು. "ಅಲ್ಲಿ ಕಿಂಡಿ ಬಂದ್ರ ಛಂದ ಕಾಣಲ್ಲ."